ನಡುಮನೆಯ ಹಗೇವು

ಹೊಲದ ನಡುವೆ ಬೋಳಾಗಿ ಬಿದ್ದಿದ್ದಷ್ಟು ದಿನ ಆ ದಿಬ್ಬಕ್ಕೆ ಅಪ್ಪನೂ ಇರಲಿಲ್ಲ, ಅಜ್ಜನೂ ಇರಲಿಲ್ಲ. ಊರ ದನಗಳು ಅದರ ಮೇಲೆ ಹತ್ತಿ ಸಗಣಿ ಹಾಕುತ್ತಿದ್ದವು. ಕೇರಿಯ ಹೆಂಗಸರು ಬೆಳಗಿನ ಹೊತ್ತು ಅದರ ಮರೆಯಲ್ಲಿ ಕೂರುತ್ತಿದ್ದರು. ಮದರಾಸಿನ ಪುರಾತತ್ವ ಇಲಾಖೆಯ ಆಫೀಸರ್ ಒಬ್ಬ ಬಂದು, ಇದರೊಳಗೆ ಟೀಪು ಕಾಲಕ್ಕಿಂತ ಹಿಂದಿನ ಒಕ್ಕಲು ಮನೆಯೊಂದು ಹೂತುಹೋಗಿದೆ ಎಂದ ದಿನವೇ ಅದಕ್ಕೆ ವಾರಸುದಾರ ಹುಟ್ಟಿಕೊಂಡ. ಹೊಲದ ಒಡೆಯ ಪುಟ್ಟಮಾದಪ್ಪ ಮೀಸೆ ಸವರಿಕೊಂಡು, ಅದು ನಮ್ಮ ವಂಶದ ಮನೆ ಎಂದ. ಯಾರೂ ಅಲ್ಲ ಅನ್ನಲಿಲ್ಲ. ಅನ್ನುವುದಕ್ಕೆ ಯಾರಿಗೆ ಬಾಯಿತ್ತು? ಹೊಲ ಅವನದು, ಬಾವಿ ಅವನದು, ಕಗ್ಗಲದೊಡ್ಡಿಯಲ್ಲಿ ಕೂಲಿ ಕೊಡುವ ಕೈಯೂ ಅವನದೇ.

ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಸ್ವಾತಂತ್ರ್ಯ ಬಂತೆಂದು ಪೇಟೆಯಲ್ಲಿ ಮಿಠಾಯಿ ಹಂಚಿದ್ದರು. ಕೇರಿಯವರ ಅಂಗೈಗೆ ಆ ಮಿಠಾಯಿ ಮೇಲಿನಿಂದ ಬಿದ್ದಿತ್ತು. ಕಗ್ಗಲದೊಡ್ಡಿಗೆ ಸ್ವಾತಂತ್ರ್ಯ ತಲುಪಿದ್ದು ಅಷ್ಟೇ.

ಆಫೀಸರನ ಹೆಸರು ಚಿನ್ನಸ್ವಾಮಿ. ಅರ್ಧ ತಮಿಳು, ಅರ್ಧ ಕನ್ನಡ ಮಾತಾಡುತ್ತಿದ್ದ. ಕೆಟ್ಟವನಲ್ಲ. ಒಳ್ಳೆಯವನಾಗುವಷ್ಟು ಧೈರ್ಯವೂ ಇರಲಿಲ್ಲ. ಅಗೆಯುವುದಕ್ಕೆ ಆಳು ಬೇಕು ಎಂದಾಗ ಮೇಲಿನ ಬೀದಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬಿಸಿಲಿನಲ್ಲಿ ಮಣ್ಣು ಹೊರುವುದು ಅವರ ಮರ್ಯಾದೆಗೆ ಕಮ್ಮಿ. ಕೇರಿಯಿಂದ ಹನ್ನೆರಡು ಜನ ಬಂದರು. ಅವರಲ್ಲಿ ರಾಚವ್ವ ಮತ್ತು ಅವಳ ಗಂಡ ಕೆಂಚಯ್ಯ. ಕೇರಿಯ ಯಜಮಾನ, ಮುದುಕ ಗುರುಸಿದ್ದಯ್ಯನೂ ಹಾರೆ ಹಿಡಿದು ಬಂದ.

ಮೇಲಿನ ಮಣ್ಣು ಕಲ್ಲಾಗಿತ್ತು. ಹಾರೆ ಹಾಕಿದರೆ ಟಣ್ಣೆಂದು ಹಿಂದಕ್ಕೆ ಸಿಡಿಯುತ್ತಿತ್ತು. ಕೆಂಚಯ್ಯನ ಅಂಗೈ ಬೊಬ್ಬೆ ಎದ್ದು, ಬೊಬ್ಬೆ ಒಡೆದು, ಒಡೆದ ಜಾಗದಲ್ಲಿ ಮತ್ತೆ ಬೊಬ್ಬೆ ಎದ್ದಿತು. ರಾಚವ್ವ ಮಂಕರಿಯಲ್ಲಿ ಮಣ್ಣು ಹೊತ್ತು ಆಚೆ ಗುಡ್ಡೆ ಹಾಕಿದಳು. ಸಿಂಬಿ ಹಾಕಿದ ಜಾಗದಲ್ಲಿ ನೆತ್ತಿಯ ಕೂದಲು ಸವೆದು ಹೋಯಿತು. ಕುತ್ತಿಗೆ ಸೆಟೆದುಕೊಂಡು, ಮಲಗಿದರೂ ಮಂಕರಿ ತಲೆ ಮೇಲೇ ಇದ್ದಂತಿತ್ತು. ಬಾಯಾರಿದರೆ ಪುಟ್ಟಮಾದಪ್ಪನ ತೋಟದ ಬಾವಿ ಅಲ್ಲೇ ಇಪ್ಪತ್ತು ಮಾರು ದೂರದಲ್ಲಿತ್ತು. ಅವನ ಜೀತದಾಳು ನೀರು ಸೇದಿ ಮೇಲಿನಿಂದ ಬಿಡುತ್ತಿದ್ದ. ಇವರು ಬಗ್ಗಿ ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದರು. ಅರ್ಧ ಬಾಯಿಗೆ, ಅರ್ಧ ಎದೆಗೆ.

ಕೆಳಗೆ ಬೂದಿ ಸಿಕ್ಕಿತು. ಮನೆಗೆ ಎಂದೋ ಬೆಂಕಿ ಬಿದ್ದು ಸೂರು ಕುಸಿದಿತ್ತು. ಆದ್ದರಿಂದ ಯಾವುದು ಎಲ್ಲಿತ್ತೋ ಅಲ್ಲೇ ಉಳಿದಿತ್ತು. ಮೊದಲು ಒಲೆ. ಒಲೆಯ ಮೇಲೆ ಹೆಂಚು, ಪಕ್ಕದಲ್ಲಿ ತಳ ಕರಿಹಿಡಿದ ಹಿಟ್ಟಿನ ಗಡಿಗೆ. ಬೀಸುಕಲ್ಲು. ಒನಕೆಯ ಮರ ಸುಟ್ಟು ಹೋಗಿ ಅದರ ತುದಿಯ ಕಬ್ಬಿಣದ ಬಳೆ ಮಾತ್ರ ಉಳಿದಿತ್ತು. ಒಂದು ಸೌಟು. ಮಣ್ಣಿನ ಸೊಡರು. ಒಡೆದ ಗಾಜಿನ ಬಳೆ. ತಾಮ್ರದ ತಂಬಿಗೆ, ಹಸಿರು ಕಿಲುಬು ಹಿಡಿದು. ಒಂದೊಂದು ಸಿಕ್ಕಿದಾಗಲೂ ರಾಚವ್ವನಿಗೆ ನಗು ಬರುತ್ತಿತ್ತು. ಇದೇ ಬೀಸುಕಲ್ಲು ಅವಳ ಗುಡಿಸಲಲ್ಲೂ ಇತ್ತು. ಇದೇ ಹೆಂಚು, ಇದೇ ಸೊಡರು. ಆಫೀಸರ್ ಮಾತ್ರ ಅವನ್ನು ಕೂಸು ಎತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿ, ಕುಂಚದಲ್ಲಿ ಒರೆಸಿ, ಡೇರೆಯ ಮುಂದಿನ ಟಾರ್ಪಾಲಿನ ಮೇಲೆ ಸಾಲಾಗಿ ಇಡುತ್ತಿದ್ದ. ಮದರಾಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರಂತೆ. ಪುಟ್ಟಮಾದಪ್ಪ ದಿನಾ ಬಂದು ಆ ಸಾಲನ್ನು ನೋಡಿ, ಪೆಟ್ಟಿಗೆಯ ಮೇಲೆ ನಮ್ಮ ಮನೆತನದ ಹೆಸರು ಹಾಕಿಸಿ ಎಂದು ಆಫೀಸರನಿಗೆ ದುಂಬಾಲು ಬೀಳುತ್ತಿದ್ದ.

ಇಷ್ಟರವರೆಗೆ ಎಲ್ಲ ಮಣ್ಣೇ ಆಗಿತ್ತು. ಮಣ್ಣಿಗೆ ಮೈಲಿಗೆ ಇಲ್ಲ. ಕೇರಿಯವರು ಎಲ್ಲಿ ಬೇಕಾದರೂ ಹಾರೆ ಹಾಕಬಹುದಿತ್ತು, ಎಲ್ಲಿ ಬೇಕಾದರೂ ಕಾಲಿಡಬಹುದಿತ್ತು.

ಆಮೇಲೆ ಹೊಸ್ತಿಲು ಸಿಕ್ಕಿತು.

ಕಲ್ಲಿನ ಹೊಸ್ತಿಲು. ಎರಡು ಕಡೆ ಬಾಗಿಲು ತಿರುಗುವ ಗುಳಿ. ಸಿಕ್ಕಿದ್ದು ಕೆಂಚಯ್ಯನ ಹಾರೆಗೆ. ಸುದ್ದಿ ಹೋದ ಸ್ವಲ್ಪ ಹೊತ್ತಿಗೆಲ್ಲ ಪುಟ್ಟಮಾದಪ್ಪನ ತಾಯಿ ದೊಡ್ಡಬಸಮ್ಮ ಬಿಂದಿಗೆ ನೀರು ಹೊರಿಸಿಕೊಂಡು ಬಂದಳು. ಕಲ್ಲನ್ನು ತೊಳೆದಳು, ಅರಿಶಿನ ಬಳಿದಳು, ಕುಂಕುಮ ಇಟ್ಟಳು, ಹೂ ಇಟ್ಟು ಅಡ್ಡಬಿದ್ದಳು. ಎದ್ದು ಕೇರಿಯವರ ಕಡೆ ನೋಡಿದಳು. ಅಷ್ಟೇ, ಮಣ್ಣು ಮನೆಯಾಗಿಬಿಟ್ಟಿತು. ಇನ್ನು ಮೇಲೆ ಯಾರೂ ಹೊಸ್ತಿಲು ದಾಟಕೂಡದು ಎಂದು ಪುಟ್ಟಮಾದಪ್ಪ ಹೇಳಿದ. ಅಗೆಯುವವರು ಹಿಂದಿನ ದನದ ಕೊಟ್ಟಿಗೆಯ ಕಡೆಯಿಂದ ಬಂದು ಹೋಗಬೇಕು. ನೆಲ ಕಂಡ ಕಡೆ ಕಾಲಿಡಕೂಡದು. ಸಾಮಾನು ಕಂಡರೆ ಮುಟ್ಟದೆ ಕೂಗಬೇಕು.

ಆ ಮನೆಗೆ ಗೋಡೆ ಇತ್ತೇ? ಮೊಣಕಾಲೆತ್ತರದ ಮಣ್ಣಿನ ದಿಂಡು ಇತ್ತು. ಸೂರಿಲ್ಲ, ಬಾಗಿಲಿಲ್ಲ, ಒಳಗೆ ಒಂದು ಹುಳುವೂ ಇಲ್ಲ. ಆದರೂ ರಾಚವ್ವ ಮಂಕರಿ ಹೊತ್ತು ಸುತ್ತಿಬಂದಳು. ಮುಂದಿನಿಂದ ನಾಲ್ಕು ಹೆಜ್ಜೆಯ ದಾರಿ, ಹಿಂದಿನಿಂದ ಅದರ ಹತ್ತರಷ್ಟು. ಗರಸು ಕಾಲಿಗೆ ಚುಚ್ಚುತ್ತಿತ್ತು. ಗುರುಸಿದ್ದಯ್ಯ ಹಳೇ ಮೆಟ್ಟು ಹಾಕಿಕೊಂಡು ಬರುತ್ತಿದ್ದ. ಪುಟ್ಟಮಾದಪ್ಪ ಕಂಡ ಕೂಡಲೇ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಆಫೀಸರನಿಗೆ ಇದೆಲ್ಲ ಕಾಣುತ್ತಿತ್ತು. ಕಂಡಾಗ ಅವನು ಕನ್ನಡಕ ತೆಗೆದು ಒರೆಸುತ್ತಿದ್ದ. ಥೂ, ಆ ಕನ್ನಡಕಕ್ಕಿಷ್ಟು.

ಮಂಗಳವಾರ ಆಫೀಸರ್ ಕೊಳ್ಳೇಗಾಲಕ್ಕೆ ಹೋದ. ಸಂಜೆ ಬಸ್ಸಿಗೆ ಬರುತ್ತೇನೆ, ಅಲ್ಲಿವರೆಗೆ ನಡುಮನೆಯ ಮೇಲಿನ ಬೂದಿ ಸರಿಸಿ ಸಾಕು, ಕೆಳಗೆ ಹೋಗಬೇಡಿ ಎಂದು ಹೇಳಿಹೋಗಿದ್ದ. ಬೂದಿ ಸರಿಸಿದಾಗ ನಡುಮನೆಯ ಮಧ್ಯದಲ್ಲಿ ಚಪ್ಪಡಿ ಸಿಕ್ಕಿತು. ಚಪ್ಪಡಿಯ ಸುತ್ತ ಸುಣ್ಣ, ಜೇಡಿ ಮೆತ್ತಿ ಬಿಗಿ ಮಾಡಿತ್ತು. ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಹಗೇವು. ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು.

ರಾಚವ್ವ ಮಂಕರಿ ಎತ್ತಿಕೊಂಡು ದೂರ ಸರಿದಳು. ಅವಳಪ್ಪ ಸತ್ತದ್ದು ಹಗೇವಿನಲ್ಲಿ. ಪುಟ್ಟಮಾದಪ್ಪನ ಅಪ್ಪನ ಕಾಲ. ಬಾಯಿ ತೆರೆದು ಒಂದು ಹಗಲು ಗಾಳಿ ಆಡಲು ಬಿಡಬೇಕು, ಬೇವಿನ ಸೊಪ್ಪು ಕಟ್ಟಿ ಮೇಲೆ ಕೆಳಗೆ ಆಡಿಸಬೇಕು, ದೀಪ ಬಿಟ್ಟು ನೋಡಬೇಕು, ಆರಿದರೆ ಇಳಿಯಬಾರದು. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಆವತ್ತು ಮನೆಗೆ ನೆಂಟರು ಬಂದಿದ್ದರು, ರಾಗಿ ಬೇಗ ಬೇಕಿತ್ತು. ಇಳಿಸಿದರು. ಒಂದು ಕೊಳಗ ರಾಗಿ, ಮೇಲೆ ಹೊದೆಸಲು ಒಂದು ಬಟ್ಟೆ ಕೊಟ್ಟು ಹೆಣ ಕಳಿಸಿದರು. ಆ ರಾಗಿಯನ್ನು ರಾಚವ್ವನ ಅವ್ವ ಬೀಸಿದ್ದಳು. ಹಸಿವಾಗಿತ್ತು, ಎಲ್ಲರೂ ಉಂಡರು. ಉಂಡದ್ದು ರಾಚವ್ವನಿಗೆ ಇನ್ನೂ ಕರಗಿರಲಿಲ್ಲ.

ಸುದ್ದಿ ತಿಳಿದು ಪುಟ್ಟಮಾದಪ್ಪ ಬಂದು ಕೇರಿಯವರನ್ನೆಲ್ಲ ಹೊಸ್ತಿಲಾಚೆ ನಿಲ್ಲಿಸಿದ. ಜೊತೆಗೆ ಅವನ ತಮ್ಮ ಪುಟ್ಟಮಲ್ಲಪ್ಪ, ತಾಯಿ ದೊಡ್ಡಬಸಮ್ಮ, ಇಬ್ಬರು ಆಳು. ಚಪ್ಪಡಿ ಎತ್ತಿಸಿದರು. ಒಳಗಿನಿಂದ ಬಂದ ವಾಸನೆಗೆ ಎತ್ತಿದವರೇ ಮುಖ ತಿರುಗಿಸಿದರು. ಪುಟ್ಟಮಲ್ಲಪ್ಪ ಮನೆಯಿಂದ ಕನ್ನಡಿ ತರಿಸಿ ಬಿಸಿಲನ್ನು ಒಳಕ್ಕೆ ತಿರುಗಿಸಿದ. ತಳದಲ್ಲಿ ಏನೋ ಹಳದಿಯಾಗಿ ಮಿನುಗಿತು. ಅಣ್ಣ ತಮ್ಮಂದಿರು ಕಣ್ಣಲ್ಲೇ ಮಾತಾಡಿಕೊಂಡರು. ವಂಶದ ಹೆಮ್ಮೆ ಒಂದು ಗಳಿಗೆಯಲ್ಲಿ ಚಿನ್ನದ ಆಸೆಯಾಯಿತು. ಆಫೀಸರ್ ಬಂದರೆ ಅದು ಮದರಾಸಿಗೆ ಹೋಗುತ್ತದೆ. ಬಸ್ಸು ಬರುವುದರೊಳಗೆ ಮೇಲಕ್ಕೆ ತೆಗೆಯಬೇಕು.

ಇಳಿಯುವವರು ಯಾರು? ಹೊಸ್ತಿಲ ಮೇಲೆ ನೆರಳು ಬಿದ್ದರೂ ನೀರು ಹಾಕಿ ತೊಳೆಯುತ್ತಿದ್ದ ಮನೆಯವರು ಈಗ ಕೆಂಚಯ್ಯನನ್ನು ನಡುಮನೆಗೆ ಕರೆದರು. ಹಿಂದಿನಿಂದಲೇ ಬಾ ಎನ್ನುವುದನ್ನು ಮಾತ್ರ ಮರೆಯಲಿಲ್ಲ.

ಕೆಂಚಯ್ಯ ಬಂದು ಗುಂಡಿಯ ಬಾಯಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

“ಗಾಳಿ ಆಡ್ಲಿ ಬುದ್ದಿ. ನಾಳ ಇಳೀತೀನಿ.”

ಪುಟ್ಟಮಾದಪ್ಪ ಅವನ ಹೊಟ್ಟೆಗೆ ಒದ್ದ. ಕೆಂಚಯ್ಯ ಮಡಚಿಕೊಂಡು ಕೂತ. ಎದ್ದು ಮತ್ತೆ ಅದೇ ಮಾತು ಹೇಳಿದ. ಕೆಂಚಯ್ಯ ಜೋರು ಮಾತಿನವನಲ್ಲ. ಅವನ ಬಾಯಿಂದ ಎರಡನೇ ಸಲ ಅದೇ ಮಾತು ಬಂದದ್ದು ಪುಟ್ಟಮಾದಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ಪುಟ್ಟಮಲ್ಲಪ್ಪ ಮತ್ತು ಆಳುಗಳು ಸೇರಿ ಅವನನ್ನು ಕೆಡವಿ ಬಡಿದರು. ಹಲ್ಲು ಮುರಿದು ಬಾಯಲ್ಲಿ ರಕ್ತ ತುಂಬಿತು. ಕಂಕುಳ ಕೆಳಗೆ ಹಗ್ಗ ಬಿಗಿದರು.

ರಾಚವ್ವ ಮಂಕರಿ ಬಿಸಾಕಿ ಹೊಸ್ತಿಲವರೆಗೆ ಓಡಿಬಂದಳು. ಅಲ್ಲಿ ಅವಳ ಕಾಲು ತಾನಾಗಿಯೇ ನಿಂತಿತು. ಹುಟ್ಟಿದಾಗಿನಿಂದ ಪಳಗಿದ ಕಾಲು ಅದು. ಆ ಕಾಲಿನ ಮೇಲೆ ಅವಳಿಗೆ ಆಮೇಲೆ ಎಷ್ಟು ಸಿಟ್ಟು ಬಂತೋ, ಪುಟ್ಟಮಾದಪ್ಪನ ಮೇಲೂ ಅಷ್ಟು ಬರಲಿಲ್ಲ. ಹೊಸ್ತಿಲಾಚೆ ನಿಂತೇ ಕೈ ಮುಗಿದಳು.

“ನಮ್ಮಪ್ಪ ನಿಮ್ಮನೆ ಅಗೇವ್ನಲ್ಲೇ ಸತ್ತದ್ದು ಬುದ್ದಿ. ದೀಪನಾರ ಬುಟ್ಟು ನೋಡಿ.”

ಅವಳ ಬಾಯಿ ಮುಚ್ಚಿಸಲು ಪುಟ್ಟಮಲ್ಲಪ್ಪ ದೀಪ ಬಿಟ್ಟ. ಹಗ್ಗದ ತುದಿಯ ದೀಪ ಗುಂಡಿಯ ಕತ್ತು ದಾಟುವ ಮೊದಲೇ ಸತ್ತಿತು. ಹೊಗೆ ಕೂಡ ಮೇಲೆ ಬರಲಿಲ್ಲ. ಎಲ್ಲರೂ ನೋಡಿದರು.

“ಗಾಳಿಗೆ ಆರೋಯ್ತು” ಎಂದ ಪುಟ್ಟಮಲ್ಲಪ್ಪ.

ಗಾಳಿ ಇಲ್ಲದ್ದಕ್ಕೆ ಆರಿದ ದೀಪ. ಅದನ್ನು ಗಾಳಿಗೆ ಆರಿತು ಎಂದ. ಹಾಗೆಂದು ಕೆಂಚಯ್ಯನನ್ನು ಎತ್ತಿ ಗುಂಡಿಯ ಬಾಯಿಗೆ ತುರುಕಿದರು. ಅವನು ಅಂಚಿನ ಕಲ್ಲು ಹಿಡಿದುಕೊಂಡ. ಬೊಬ್ಬೆ ಒಡೆದ ಬೆರಳುಗಳ ಮೇಲೆ ಆಳೊಬ್ಬ ಹಿಮ್ಮಡಿ ಇಟ್ಟು ತುಳಿದ. ಬೆರಳು ಬಿಟ್ಟವು. ಹಗ್ಗ ಸರಸರನೆ ಇಳಿಯಿತು.

ಮೇಲಿನಿಂದ ಕನ್ನಡಿಯ ಬೆಳಕು ಬಿಟ್ಟರು. ಕೆಳಗಿನಿಂದ ಕೆಮ್ಮು ಕೇಳಿಸಿತು. ಆಮೇಲೆ ಕೆಂಚಯ್ಯನ ದನಿ, ಗಡಿಗೆಯೊಳಗಿನಿಂದ ಬಂದ ಹಾಗೆ.

“ಇಲ್ಲಿ ಯಾರೋ ಅವ್ರೆ ಕಣ್ರಪ್ಪ.”

ಬೆಳಕು ಸ್ವಲ್ಪ ಆಚೆ ಸರಿಯಿತು. ಒಂದು ತಲೆಬುರುಡೆ, ಎದೆಗೂಡು, ಗೋಡೆಗೆ ಒರಗಿದ ಬೆನ್ನುಮೂಳೆ. ಮುಂಗೈ ಮೂಳೆಗೆ ಕಬ್ಬಿಣದ ಕಡಗ. ಕೈಯ ಮುಂದೆ ಹಿತ್ತಾಳೆ ಕಟ್ಟಿನ ಕೊಳಗ. ಮಿನುಗಿದ್ದು ಅದೇ. ಯಾವನೋ ರಾಗಿ ಅಳೆದು ತುಂಬಲು ಇಳಿದಿದ್ದ. ತುಂಬುತ್ತಲೇ ಕೂತುಬಿಟ್ಟಿದ್ದ. ಮೇಲಿದ್ದವರು ಚಪ್ಪಡಿ ಮುಚ್ಚಿ, ಸುಣ್ಣ ಮೆತ್ತಿ, ಅದರ ಮೇಲೆ ಓಡಾಡಿಕೊಂಡು ಬಾಳಿದ್ದರು. ಅವನು ಯಾವ ಕೇರಿಯವನು ಎಂದು ರಾಚವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಗೇವಿಗೆ ಇಳಿದವರು ಎಂದಾದರೂ ಬೇರೆ ಬೀದಿಯವರು ಇದ್ದರೇ?

ಪುಟ್ಟಮಾದಪ್ಪ ಗುಂಡಿಗೆ ಬಗ್ಗಿ ಕೂಗಿದ.

“ಕೊಳಗದೊಳಗ ಏನದ ನೋಡ್ಲಾ. ಹಗ್ಗ ಬಿಚ್ಚಿ ಮೊದ್ಲು ಅದ ಕಟ್ಟು.”

ಕೆಂಚಯ್ಯ ಬಿಚ್ಚಿದ. ತನ್ನ ಮೈಗೆ ಕಟ್ಟಿದ್ದ ಹಗ್ಗ ಬಿಚ್ಚಿ ಕೊಳಗಕ್ಕೆ ಕಟ್ಟಿದ. ಹೇಳಿದ್ದನ್ನು ಮಾಡಿ ಮಾಡಿ ಸವೆದ ಕೈಗಳು, ಉಸಿರು ನಿಲ್ಲುವ ಹೊತ್ತಿನಲ್ಲೂ ಹೇಳಿದ್ದನ್ನೇ ಮಾಡಿದವು. ಕೊಳಗ ಮೇಲೆ ಬಂತು. ಅಣ್ಣ ತಮ್ಮಂದಿರು ಅದರ ಮೇಲೆ ಬಿದ್ದರು. ಬೆರಳು ಹಾಕಿ ಕೆದಕಿದರು. ಕರಿ ಹುಡಿ. ಎಂದೋ ರಾಗಿಯಾಗಿದ್ದ ಹುಡಿ. ಬೋರಲು ಹಾಕಿ ಬಡಿದರು. ಹುಡಿಯೇ.

ಕೆಳಗೆ ದೊಪ್ಪೆಂದು ಏನೋ ಬಿದ್ದ ಸದ್ದಾಯಿತು.

ಹಗ್ಗ ಬಿಡಿ, ಹಗ್ಗ ಬಿಡಿ ಎಂದು ರಾಚವ್ವ ಬಡಿದುಕೊಂಡಳು. ಬಿಟ್ಟರು ಕೂಡ. ಹಿಡಿದುಕೊಳ್ಳುವ ಕೈ ಕೆಳಗೆ ಇರಲಿಲ್ಲ. ಪುಟ್ಟಮಲ್ಲಪ್ಪ ಹಣೆ ಒರೆಸಿಕೊಂಡು, ತಲೆ ತಿರುಗಿರಬೇಕು, ಗಾಳಿ ಹೋದರೆ ತಾನೇ ಏಳುತ್ತಾನೆ ಎಂದ. ಬಾವಿಯ ಕಂಬಕ್ಕೆ ಪಾತಾಳಗರಡಿ ನೇತುಹಾಕಿತ್ತು. ಬಾವಿಗೆ ಬಿದ್ದ ಬಿಂದಿಗೆಯನ್ನು ಎತ್ತುವ, ಸುತ್ತ ಕೊಕ್ಕೆಗಳಿರುವ ಕಬ್ಬಿಣ. ಅದನ್ನಾದರೂ ಕೊಡಿ ಎಂದು ಗುರುಸಿದ್ದಯ್ಯ ದೂರದಿಂದ ಕೈಚಾಚಿ ಬೇಡಿದ. ಆಗ ದೊಡ್ಡಬಸಮ್ಮ ಬಾಯಿ ತೆರೆದಳು.

“ನಾವ್ ಕುಡ್ಯೋ ಬಾವಿಗ ಬುಡೋದು ಕಣ್ಲಾ ಅದು. ಅವನ ಮೈಗಾಕುದ್ರ ಆಮ್ಯಾಕ ನಾವೇನ ಕುಡಿಯವು?”

ಆ ಮಾತು ಮುಗಿಯುವಷ್ಟರಲ್ಲಿ ರಾಚವ್ವ ಬಾವಿಯ ಹತ್ತಿರ ಇದ್ದಳು. ಕಂಬದಿಂದ ಪಾತಾಳಗರಡಿ ಕಿತ್ತಳು. ಹಗ್ಗ ಸಮೇತ ಎಳೆದುಕೊಂಡು ಓಡಿ ಬಂದಳು. ಈ ಸಲ ಸುತ್ತಿಬರಲಿಲ್ಲ. ಹೊಸ್ತಿಲ ಮೇಲೆ ಕಾಲಿಟ್ಟಳು. ಅರಿಶಿನ ಕುಂಕುಮದ ಮೇಲೆ, ಹೂವಿನ ಮೇಲೆ, ಪೂರಾ ಪಾದ ಊರಿ ಇಟ್ಟಳು.

“ಒಸ್ಲು ತುಳುದ್ಬುಟ್ಟಳಲ್ಲೋ” ಎಂದು ದೊಡ್ಡಬಸಮ್ಮ ಎದೆ ಬಡಿದುಕೊಂಡಳು. ಅಷ್ಟು ಹೊತ್ತು ಒಬ್ಬ ಮನುಷ್ಯ ಗುಂಡಿಯಲ್ಲಿ ಸಾಯುತ್ತಿದ್ದಾಗ ಬಾರದ ಕಣ್ಣೀರು ಆಗ ಬಂತು.

ಪುಟ್ಟಮಲ್ಲಪ್ಪ ಸನಿಕೆಯ ಕಾವು ಬೀಸಿದ. ರಾಚವ್ವನ ಎಡಗೈ ಮೊಣಕೈಯ ಮೇಲೆ ಲಟಕ್ಕನೆ ಮುರಿಯಿತು. ಮುರಿದದ್ದು ಅವಳಿಗೆ ಕೇಳಿಸಿತು. ನೋವು ಗೊತ್ತಾಗಲಿಲ್ಲ. ಬಲಗೈಯಲ್ಲಿದ್ದ ಕಬ್ಬಿಣವನ್ನು ಬೀಸಿದಳು. ಎರಡು ಕೊಕ್ಕೆ ಅವನ ತೊಡೆಗೆ ನೆಟ್ಟವು. ಅವನು ಕೂಗಿಕೊಂಡು ಬಿದ್ದ. ಅವಳಿಗೆ ಆ ಕೊಕ್ಕೆ ಬೇಕಾಗಿತ್ತು. ಅವನ ಸೊಂಟದ ಮೇಲೆ ಕಾಲಿಟ್ಟು ಕಿತ್ತುಕೊಂಡಳು. ಮಾಂಸ ಜೊತೆಗೆ ಬಂತು.

ಆಳುಗಳಿಬ್ಬರು ಅವಳ ಜುಟ್ಟು ಹಿಡಿದು ಹಿಂದಕ್ಕೆ ಎಳೆದರು. ಪುಟ್ಟಮಾದಪ್ಪ ಅವಳ ಮುಖಕ್ಕೆ ಒದ್ದ. ಕೇರಿಯ ಹತ್ತು ಜನ ಹಾರೆ, ಗುದ್ದಲಿ ಹಿಡಿದುಕೊಂಡು ಹೊಸ್ತಿಲಾಚೆ ನಿಂತೇ ಇದ್ದರು. ಅವರ ಕಾಲುಗಳೂ ಪಳಗಿದ್ದವು. ರಾಚವ್ವ ರಕ್ತದ ಬಾಯಲ್ಲಿ ಅವರ ಕಡೆ ತಿರುಗಿದಳು.

“ಏನ್ ನೋಡ್ತಾ ನಿಂತಿದ್ದರಿ? ಇದು ಮಣ್ಣು ಕಣ್ರೋ. ನಾವೇ ಹೊತ್ತ ಮಣ್ಣು.”

ಗುರುಸಿದ್ದಯ್ಯ ಹೊಸ್ತಿಲ ಹತ್ತಿರ ಬಂದ. ಬಂದವನು, ಇಷ್ಟು ವರ್ಷದ ಅಭ್ಯಾಸ ನೋಡಿ, ಮೆಟ್ಟು ಕಳಚಲು ಬಗ್ಗಿದ. ಬಗ್ಗಿದವನ ಕೈ ಅರ್ಧಕ್ಕೆ ನಿಂತಿತು. ನೆಟ್ಟಗಾದ. ಮೆಟ್ಟು ಹಾಕಿಕೊಂಡ ಕಾಲಲ್ಲೇ ಹೊಸ್ತಿಲು ದಾಟಿ, ಹಾರೆಯ ಹಿಂಬದಿಯಲ್ಲಿ ಮೊದಲ ಆಳಿನ ಬೆನ್ನಿಗೆ ಹೊಡೆದ. ಅವನ ಹಿಂದೆ ಮಿಕ್ಕವರು ನುಗ್ಗಿದರು. ಗಂಡಸರು ಹೆಂಗಸರು ಎನ್ನದೆ ನುಗ್ಗಿದರು. ಬಡಿದಾಟ ಹೆಚ್ಚು ಹೊತ್ತು ನಡೆಯಲಿಲ್ಲ. ದಿನವಿಡೀ ಹಾರೆ ಎತ್ತುವ ತೋಳಿಗೆ ಎದುರಾಗಿ, ಕುಳಿತು ಉಣ್ಣುವ ತೋಳು ಎಷ್ಟು ಹೊತ್ತು ನಿಂತೀತು? ಒಬ್ಬ ಆಳಿನ ಬುರುಡೆ ಒಡೆಯಿತು. ಇನ್ನೊಬ್ಬ ಓಡಿದ. ಪುಟ್ಟಮಾದಪ್ಪ ಹಿಮ್ಮಡಿ ಗೋಡೆಯ ದಿಂಡಿಗೆ ತಾಗುವಷ್ಟು ಹಿಂದೆ ಸರಿದು, ಎದೆಗೆ ಇಟ್ಟ ಹಾರೆಯ ಮೊನೆಯನ್ನು ನೋಡುತ್ತಾ ನಿಂತ.

ಕನ್ನಡಿ ಹಿಡಿದರು. ಕೆಂಚಯ್ಯ ಮೂಳೆಗಳ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದ. ರಾಚವ್ವ ಒಂದೇ ಕೈಯಲ್ಲಿ ಪಾತಾಳಗರಡಿ ಇಳಿಬಿಟ್ಟಳು. ಮೊದಲು ಕೊಕ್ಕೆ ಉಡಿದಾರಕ್ಕೆ ಸಿಕ್ಕಿ, ದಾರ ಹರಿಯಿತು. ಮತ್ತೆ ಬಿಟ್ಟಳು. ಪುಟ್ಟಮಲ್ಲಪ್ಪನ ರಕ್ತ ಹತ್ತಿದ್ದ ಕೊಕ್ಕೆಯೇ ಕೆಂಚಯ್ಯನ ಕಂಕುಳಿಗೆ ಇಳಿಯಿತು. ಬಿಂದಿಗೆ ಎತ್ತುವ ಕಬ್ಬಿಣ. ಮನುಷ್ಯನನ್ನು ಎತ್ತಲು ಮಾಡಿದ್ದಲ್ಲ. ಐದು ಜನ ಜಗ್ಗಿದರು. ಅವನ ತೋಳು ಕೀಲಿನಿಂದ ಕಳಚಿ ಉದ್ದವಾಯಿತು. ತಲೆ ಗುಂಡಿಯ ಕತ್ತಿಗೆ ಎರಡು ಸಲ ಬಡಿಯಿತು. ಮೇಲೆ ಬಂದಾಗ ತುಟಿ ನೀಲಿಯಾಗಿತ್ತು, ಕಣ್ಣು ಅರ್ಧ ತೆರೆದಿತ್ತು. ರಾಚವ್ವ ಎದೆ ಗುದ್ದಿದಳು, ಬಾಯಿಗೆ ಗಾಳಿ ಊದಿದಳು, ಕೆನ್ನೆಗೆ ಬಡಿದಳು. ಕೊಕ್ಕೆ ಇಳಿದ ಗಾಯದಿಂದ ರಕ್ತ ಹರಿಯಲಿಲ್ಲ. ಅದನ್ನು ನೋಡಿ ಅವಳು ಕೈ ಬಿಟ್ಟಳು.

ಅಳಲಿಲ್ಲ. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಹೆಣ ಕಂಡ ಮೇಲೆ ಪುಟ್ಟಮಾದಪ್ಪನಿಗೆ ದನಿ ಬಂತು. ಆದದ್ದು ಆಗಿಹೋಯಿತು, ಹೊತ್ತುಕೊಂಡು ನಿಮ್ಮ ಸ್ಮಶಾನಕ್ಕೆ ಹೋಗಿ, ಬಟ್ಟೆ ಕೊಡುತ್ತೇನೆ, ಎರಡು ಕೊಳಗ ರಾಗಿ ಕೊಡುತ್ತೇನೆ, ಆಫೀಸರ್ ಬರುವುದರೊಳಗೆ ಮುಗಿಸಿ ಎಂದ. ಅವನ ಅಪ್ಪ ಒಂದು ಕೊಳಗ ಕೊಟ್ಟಿದ್ದ. ಇವನು ಎರಡಕ್ಕೆ ಏರಿಸಿದ್ದ. ಅಷ್ಟರಮಟ್ಟಿಗೆ ಕಾಲ ಬದಲಾಗಿತ್ತು.

ರಾಚವ್ವ ಗಂಡನ ತಲೆಯನ್ನು ತೊಡೆಯಿಂದ ಇಳಿಸಿ ನೆಲದ ಮೇಲೆ ಇಟ್ಟಳು. ಸುತ್ತ ನೋಡಿದಳು. ಒಲೆ, ಹೊಸ್ತಿಲು, ಗುಂಡಿಯ ಬಾಯಿ. ಆಚೆ ಟಾರ್ಪಾಲಿನ ಮೇಲಿನ ಸಾಮಾನು. ಅದರಾಚೆ ಅವಳೇ ತಲೆ ಮೇಲೆ ಹೊತ್ತು ಸುರಿದ ಮಣ್ಣಿನ ಗುಡ್ಡೆ.

“ಸ್ಮಸಾಣ ಬ್ಯಾಡ. ಇಲ್ಲೇ ಮಡಗಿ” ಎಂದಳು.

ಪುಟ್ಟಮಾದಪ್ಪನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಹಾರೆಯ ಮೊನೆಯನ್ನೂ ಲೆಕ್ಕಿಸದೆ ಮುಂದೆ ನುಗ್ಗಿದ. ಗುರುಸಿದ್ದಯ್ಯ ಅವನ ಮೊಣಕಾಲಿಗೆ ಹೊಡೆದು ಕೂರಿಸಿದ. ಕೂತ ಜಾಗದಿಂದಲೇ ಅವನು ಕೂಗಾಡಿದ, ಬೈದ, ಕೊನೆಗೆ ಬೇಡಿಕೊಂಡ. ಕೆಂಚಯ್ಯನನ್ನು ನಡುಮನೆಯಲ್ಲಿ, ಹಗೇವಿನ ಪಕ್ಕದಲ್ಲಿ, ತಲೆ ಒಲೆಯ ಕಡೆಗೆ ಬರುವ ಹಾಗೆ ಮಲಗಿಸಿದರು. ಒಳಗಿದ್ದವನ ಮೂಳೆ ಹಾಗೇ ಇರಲಿ, ಇಬ್ಬರಿಗೂ ಜೊತೆಯಾಯಿತು ಎಂದ ಗುರುಸಿದ್ದಯ್ಯ. ಹೆಂಗಸರು ಮಂಕರಿ ಎತ್ತಿಕೊಂಡರು. ಹೊತ್ತು ಆಚೆ ಹಾಕಿದ ಮಣ್ಣನ್ನು ಹೊತ್ತು ಒಳಗೆ ಹಾಕಿದರು. ಈ ಸಲ ಎಲ್ಲರೂ ಹೊಸ್ತಿಲ ಮೇಲಿನಿಂದಲೇ ಬಂದರು.

ರಾಚವ್ವ ಮುರಿದ ಕೈಯನ್ನು ಸೆರಗಲ್ಲಿ ಕತ್ತಿಗೆ ಕಟ್ಟಿಕೊಂಡು ಟಾರ್ಪಾಲಿನ ಹತ್ತಿರ ಹೋದಳು. ತಂಬಿಗೆ ತಂದು ಗುಂಡಿಗೆ ಎಸೆದಳು. ಸೌಟು, ಸೊಡರು, ಒನಕೆ ಬಳೆ, ಹೆಂಚು. ಬೀಸುಕಲ್ಲನ್ನು ಇಬ್ಬರು ಉರುಳಿಸಿ ತಂದು ನೂಕಿದರು. ಹಿತ್ತಾಳೆ ಕಟ್ಟಿನ ಕೊಳಗ ಕೊನೆಗೆ ಹೋಯಿತು. ದೊಡ್ಡಬಸಮ್ಮ ತನ್ನ ಅತ್ತೆಯ ಅತ್ತೆಯ ಸಾಮಾನು ಎಂದು ಗೋಳಾಡಿದಳು. ಹಾಗಾದರೆ ಇಳಿದು ಎತ್ತಿಕೋ ಎಂದು ಯಾರೋ ಹೆಂಗಸು ಅಂದಳು. ಮುದುಕಿ ಇಳಿಯಲಿಲ್ಲ.

ಆಮೇಲೆ ಏನಾಯಿತು ಎಂಬುದನ್ನು ಮುಚ್ಚಿಡುವುದು ಬೇಡ. ಆ ವಾರವೇ ಕೇರಿಯ ಗುಡಿಸಲುಗಳಿಗೆ ಬೆಂಕಿ ಬಿತ್ತು. ಪೊಲೀಸರು ಬಂದರು. ಒದೆ ತಿಂದವರು ಯಾರು, ಸತ್ತವನು ಯಾರು ಎಂದು ಕೇಳದೆ ರಾಚವ್ವನನ್ನೂ ಗುರುಸಿದ್ದಯ್ಯನನ್ನೂ ಹಗ್ಗ ಕಟ್ಟಿ ನಡೆಸಿಕೊಂಡು ಹೋದರು. ಲಾಕಪ್ಪಿನಲ್ಲಿ ಗುರುಸಿದ್ದಯ್ಯನ ಪಕ್ಕೆಲುಬು ಮುರಿದವು, ಅವನು ಆ ಮಳೆಗಾಲ ಕಳೆಯಲಿಲ್ಲ. ರಾಚವ್ವನ ಎಡಗೈ ಮತ್ತೆ ನೆಟ್ಟಗಾಗಲಿಲ್ಲ. ಬಡವರ ಸಿಟ್ಟಿಗೆ ಕೊಡಬೇಕಾದ ಬೆಲೆಯನ್ನು ಅವರು ಪೂರಾ ಕೊಟ್ಟರು. ಆದರೆ ಆ ಸಂಜೆ ನಡೆದದ್ದನ್ನು ಯಾವ ಬೆಂಕಿಯೂ ಸುಡಲಿಲ್ಲ.

ಆ ಸಂಜೆ ಬಸ್ಸು ಇಳಿದು ಚಿನ್ನಸ್ವಾಮಿ ಹೊಲದ ಬದುವಿನ ಮೇಲ್ಗಡೆ ಬಂದಾಗ, ತಾನು ಮೊದಲ ದಿನ ಕಂಡಿದ್ದ ದಿಬ್ಬವೇ ಅಲ್ಲಿತ್ತು. ಮಣ್ಣು ಹಸಿಯಾಗಿತ್ತು, ಅಷ್ಟೇ. ಒಂದು ಕಡೆ, ಓಡಿಹೋದ ಆಳು ಕೂಗಿ ಕರೆತಂದ ಮೇಲಿನ ಬೀದಿಯ ಗಂಡಸರು ದೊಣ್ಣೆ ಹಿಡಿದು ಸೇರಿದ್ದರು. ಇನ್ನೊಂದು ಕಡೆ ಕೇರಿಯವರು ದಿಬ್ಬದ ಬುಡದಲ್ಲಿ ಕೂತಿದ್ದರು. ಆಫೀಸರನಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಕೇಳಿದ ಮೊದಲ ಮಾತು, ಆ ಸಾಮಾನೆಲ್ಲ ಎಲ್ಲಿ ಎಂದು. ಕೆಂಚಯ್ಯ ಎಲ್ಲಿ ಎಂದಲ್ಲ.

ಪುಟ್ಟಮಾದಪ್ಪ ಕುಂಟುತ್ತಾ ಮುಂದೆ ಬಂದು, ಈಗಿಂದೀಗಲೇ ಅಗೆಯಿರಿ ಎಂದು ಕೇರಿಯವರಿಗೆ ಅಪ್ಪಣೆ ಮಾಡಿದ. ಯಾರೂ ಏಳಲಿಲ್ಲ. ಎರಡರಷ್ಟು ಕೂಲಿ ಎಂದ ಆಫೀಸರ್. ಯಾರೂ ತಲೆ ಎತ್ತಲಿಲ್ಲ. ನೀವಾದರೂ ಅಗೆಯಿರಿ ಎಂದು ಪುಟ್ಟಮಾದಪ್ಪ ತನ್ನ ಬೀದಿಯವರ ಕಡೆ ತಿರುಗಿದ. ದೊಣ್ಣೆ ಹಿಡಿದಿದ್ದ ಗಂಡಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬಡಿಯಲು ಬಂದವರು ಅವರು. ಹೆಣ ಮುಟ್ಟಲು ಬಂದವರಲ್ಲ.

ಆಫೀಸರ್ ರಾಚವ್ವನ ಮುಂದೆ ಬಂದು ನಿಂತ. ಅವಳು ಎದ್ದಳು. ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು.

“ಅವರಜ್ಜನ ಮನೆ ಅಲ್ವಾ ಸಾ. ಅವರೇ ಅಗೀಲಿ. ಮೊದ್ಲು ನನ್ ಗಂಡ ಸಿಕ್ತನ. ಕೈಯಾರ ಎತ್ತಿ, ಆಚ್ಕ ಮಲಗ್ಸಿ, ಆಮ್ಯಾಕ ಒಳೀಕ್ ಓಗ್ಲಿ.”

ಪುಟ್ಟಮಾದಪ್ಪ ಆಳಿನ ಕೈಯಿಂದ ಸನಿಕೆ ಕಿತ್ತುಕೊಂಡು ದಿಬ್ಬ ಹತ್ತಿದ. ಅವನ ಕೈ ಸನಿಕೆಯ ಕಾವಿನ ಮೇಲೆ ಎಲ್ಲಿ ಹಿಡಿಯಬೇಕೆಂದು ಹುಡುಕಿತು. ಎತ್ತಿದ. ಕೆಳಗೆ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂದು ಅವನಿಗೆ ಗೊತ್ತಿರಲಿಲ್ಲ. ಎಲ್ಲಿ ಹಾಕಿದರೂ ಕೆಂಚಯ್ಯ ಇದ್ದ. ಊರೆಲ್ಲ ನೋಡುತ್ತಿತ್ತು. ಅವನು ಎತ್ತಿದ ಸನಿಕೆಯನ್ನು ಹಾಗೇ ಹಿಡಿದುಕೊಂಡು ನಿಂತ. ಆಮೇಲೆ ನಿಧಾನವಾಗಿ ಇಳಿಸಿದ. ಇಳಿಸುವಾಗಲೂ ಅದರ ಅಲಗು ಆ ಮಣ್ಣಿಗೆ ತಾಗದಂತೆ ನೋಡಿಕೊಂಡ.